ಹೆಸರಿನ ಜಾಗದಲ್ಲಿ ನಂಟು

ಬಂಧುಗಳನ್ನು ಒಂದೆರಡು ಅಕ್ಷರಗಳಲ್ಲಿ ಸೂಚಿಸುವ ರೂಢಿ ಹಲವು ಭಾಷೆಗಳ ಬರವಣಿಗೆಯಲ್ಲಿದೆ. ಕನ್ನಡದ ಲಗ್ನಪತ್ರಿಕೆಯಲ್ಲಿ ವರ ‘ಚಿ॥ ರಾ॥’, ವಧು ‘ಚಿ॥ ಸೌ॥’, ತೀರಿಕೊಂಡ ಅಜ್ಜ ‘ದಿ॥’. ಹಳೆಯ ಕಾಗದಗಳಲ್ಲಿ ತಂದೆ ‘ತೀ॥’, ಅಂದರೆ ತೀರ್ಥರೂಪರು. ಜಮೀನಿನ ದಾಖಲೆಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಬರೆದು ತಂದೆಯ ಹೆಸರು, ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಗಂಡನ ಹೆಸರು. ಇಂಗ್ಲಿಷಿನಲ್ಲಿ ಮನೆವಾರ್ತೆ ಬರೆಯುವವರು ಗಂಡನಿಗೆ ‘ಡಿ.ಎಚ್.’, ಮಗಳಿಗೆ ‘ಡಿ.ಡಿ.’, ಅತ್ತೆಗೆ ‘ಎಂ.ಐ.ಎಲ್.’ ಎಂದು ಗುರುತು ಹಾಕುತ್ತಾರೆ. ಅಲ್ಲಿನ ‘ಡಿ’ ಎಂದರೆ ಪ್ರೀತಿಯ; ಪ್ರೀತಿಯ ಗಂಡ, ಪ್ರೀತಿಯ ಮಗಳು. ಅತ್ತೆಯ ಗುರುತಿನಲ್ಲಿ ಸಾಮಾನ್ಯವಾಗಿ ಆ ಅಕ್ಷರ ಇರುವುದಿಲ್ಲ.

ಇವೆಲ್ಲ ಒಂದೇ ಬಗೆಯವಲ್ಲ. ಚಿ॥ ಮತ್ತು ಸೌ॥ ಹೆಸರಿನ ಮುಂದೆ ನಿಂತು ಹೆಸರನ್ನು ಕರೆತರುತ್ತವೆ. ಡಿ.ಎಚ್. ಹೆಸರಿನ ಜಾಗದಲ್ಲೇ ಕೂರುತ್ತದೆ. ಆ ಗಂಡನ ಹೆಸರು ಓದುವವರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಎರಡರಲ್ಲೂ ಸಮಾನವಾದ ಅಂಶಗಳೂ ಇವೆ. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಏನಾಗಬೇಕು ಎಂಬುದು ಮೊದಲು ತಿಳಿಯುತ್ತದೆ, ಅವರು ಯಾರು ಎಂಬುದು ಆಮೇಲೆ, ಅಥವಾ ತಿಳಿಯುವುದೇ ಇಲ್ಲ. ಜೊತೆಗೆ ಒಂದು ಹಾರೈಕೆಯೋ ಒಲವೋ ಅಕ್ಷರದೊಳಗೆ ಮಡಚಿಕೊಂಡಿರುತ್ತದೆ. ಧರ್ಮಗ್ರಂಥಗಳೂ ತತ್ತ್ವಚಿಂತಕರೂ ಬಹಳ ಹಿಂದಿನಿಂದ ಚರ್ಚಿಸಿರುವ ಪ್ರಶ್ನೆ ಇಲ್ಲೇ ಹುಟ್ಟುತ್ತದೆ. ಮನುಷ್ಯನನ್ನು ನಂಟಿನಿಂದ ಮಾತ್ರ ಹೇಳಿದಾಗ ಅವನಿಗೆ ಸಲ್ಲುವುದು ಗೌರವವೋ ಮರೆವೋ? ಅವನ ಬೆನ್ನ ಹಿಂದೆ ಅವನ ಬಗ್ಗೆ ಮಾತಾಡುವಾಗ ಹೆಸರು ಬಿಟ್ಟರೆ ಮಾತಿನ ಹೊಣೆ ಇಳಿಯುತ್ತದೆಯೋ?

ಹೆಸರು ಹೇಳದಿರುವುದನ್ನು ಗೌರವವೆಂದು ಕಂಡ ಸಂಪ್ರದಾಯಗಳು ಅನೇಕ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಶಿಷ್ಯನಿಗೆ ಒಂದು ನಿಯಮವಿದೆ: ಗುರು ಎದುರಿಗಿಲ್ಲದಾಗಲೂ ಅವರ ಬರಿಯ ಹೆಸರನ್ನು ಹೇಳಬಾರದು. ಅದೇ ಅಧ್ಯಾಯ, ಯಜ್ಞದೀಕ್ಷೆಯಲ್ಲಿರುವವನು ವಯಸ್ಸಿನಲ್ಲಿ ಚಿಕ್ಕವನಾದರೂ ಅವನನ್ನು ಹೆಸರಿಟ್ಟು ಕರೆಯಬಾರದು, ರಕ್ತಸಂಬಂಧವಿಲ್ಲದ ಪರರ ಹೆಂಡತಿಯನ್ನು ತಂಗಿ ಎಂಬಂಥ ಮಾತಿನಿಂದ ಸಂಬೋಧಿಸಬೇಕು ಎನ್ನುತ್ತದೆ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಮಗುವಿಗೆ ಊರೆಲ್ಲ ಕರೆಯುವ ಹೆಸರಲ್ಲದೆ ಇನ್ನೊಂದು ಹೆಸರನ್ನೂ ಇಡುವ ವಿಧಿಯಿದೆ. ಉಪನಯನದವರೆಗೆ ಅದು ತಂದೆತಾಯಿಗಳಿಬ್ಬರಿಗೇ ಗೊತ್ತಿರಬೇಕು. ದೇವತೆಗಳ ವಿಷಯದಲ್ಲೂ ಇದೇ ಮಾತು. ಇಂದ್ರನ ನಿಜವಾದ ಹೆಸರು ಬೇರೆ, ಮರೆಸಿ ಹೇಳಿದ ರೂಪವೇ ‘ಇಂದ್ರ’, ದೇವತೆಗಳಿಗೆ ನೇರ ಮಾತಿಗಿಂತ ಪರೋಕ್ಷವೇ ಪ್ರಿಯ ಎಂಬ ವಿವರಣೆ ಬೃಹದಾರಣ್ಯಕದಲ್ಲೂ ಐತರೇಯದಲ್ಲೂ ಬರುತ್ತದೆ.

ಪಂಡಿತರ ಬಾಯಲ್ಲಿ ಓಡಾಡುವ ಸಂಸ್ಕೃತ ಸುಭಾಷಿತವೊಂದು ಒಳಿತು ಬಯಸುವವನು ಯಾರ ಯಾರ ಹೆಸರು ಹೇಳಬಾರದು ಎಂದು ಪಟ್ಟಿ ಕೊಡುತ್ತದೆ. ತನ್ನ ಹೆಸರು, ಗುರುವಿನ ಹೆಸರು, ಕಡುಜಿಪುಣನ ಹೆಸರು, ಹಿರಿಯ ಮಗುವಿನ ಹೆಸರು, ಹೆಂಡತಿಯ ಹೆಸರು. ಜಿಪುಣ ಈ ಸಾಲಿಗೆ ಹೇಗೆ ಬಂದನೋ, ಬಹುಶಃ ಬೆಳಿಗ್ಗೆ ಎದ್ದು ಅವನ ಹೆಸರು ಹೇಳಿದರೆ ಅನ್ನ ಸಿಕ್ಕದೆಂಬ ಅಂಜಿಕೆಯಿಂದ ಇರಬೇಕು. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಹೆಸರು. ಶ್ಲೋಕ ಮಾತಾಡುತ್ತಿರುವುದು ಗಂಡಸಿಗೆ. ನಾಲಗೆ ಬಿಗಿಹಿಡಿಯಬೇಕಾದವನು ಗಂಡ. ರೂಢಿಯಲ್ಲಿ ಆದದ್ದು ತಿರುಗಾಮುರುಗ. ಕನ್ನಡ ನಾಡಿನ ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದೋ ‘ಲೇ’ ಎಂದೋ ಕರೆದ, ಹೆಂಡತಿ ಮಾತ್ರ ‘ಇವರು’, ‘ನಮ್ಮನೆಯವರು’, ‘ಯಜಮಾನರು’ ಎಂದಳು. ಕರೆಯಬೇಕಾದಾಗ ‘ರೀ’ ಎಂದಳು, ‘ಏನಂದ್ರೆ’ ಎಂದಳು. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ ಈ ಕಟ್ಟಳೆಗೆ ಕಾವಲಾಗಿ ನಿಂತಿತು. ಅದೇ ನಂಬಿಕೆ ಹೆಂಡತಿಯ ಆಯಸ್ಸಿಗೆ ಏಕೆ ಅನ್ವಯಿಸಲಿಲ್ಲ ಎಂದು ಶಾಸ್ತ್ರ ಹೇಳುವುದಿಲ್ಲ.

ನಿಷೇಧ ಇದ್ದಲ್ಲಿ ಅದನ್ನು ದಾಟುವ ಉಪಾಯಗಳೂ ಇರುತ್ತವೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಹೊಸಿಲು ತುಳಿಯುವ ಮೊದಲು ಮದುಮಗಳು ಗಂಡನ ಹೆಸರು ಹೇಳಬೇಕು, ಆದರೆ ಒಡಪು ಕಟ್ಟಿ ಹೇಳಬೇಕು. ಪ್ರಾಸಕ್ಕೆ ಸಿಕ್ಕಿಸಿ, ಹೂವೋ ಹಣ್ಣೋ ದೇವರೋ ಒಂದನ್ನು ಮುಂದೆ ಮಾಡಿ, ಸಾಲಿನ ಕೊನೆಗೆ ಹೆಸರನ್ನು ಜಾರಿಸಿಬಿಡುವ ಜಾಣ್ಮೆ ಅದು. ಮರಾಠಿಯ ಉಖಾಣೆಯದೂ ಇದೇ ಕೆಲಸ. ಮಾತಿನಲ್ಲಿ ಸಲ್ಲದ ಹೆಸರು ಪದ್ಯದಲ್ಲಿ ಸಲ್ಲುತ್ತದೆ. ಇನ್ನೊಂದು ತೊಡಕು ಮೊಮ್ಮಕ್ಕಳದು. ಮೊಮ್ಮಗನಿಗೆ ಅಜ್ಜನ ಹೆಸರಿಟ್ಟಾಗ ಸೊಸೆ ತನ್ನ ಮಗನನ್ನೇ ಹೆಸರಿಟ್ಟು ಕರೆಯುವಂತಿಲ್ಲ. ಅದು ಮಾವನ ಹೆಸರು. ಹಾಗಾಗಿ ತೊಟ್ಟಿಲಲ್ಲಿ ಮಲಗಿದ ಕೂಸು ‘ಅಪ್ಪಯ್ಯ’ ಆಗುತ್ತದೆ, ‘ತಾತ’ ಆಗುತ್ತದೆ. ದಕ್ಷಿಣ ಆಫ್ರಿಕದ ಜುಲು ಮತ್ತು ಖೋಸಾ ಜನರಲ್ಲಿ ಈ ಸೂಕ್ಷ್ಮ ಇನ್ನೂ ಮುಂದೆ ಹೋಗಿದೆ. ‘ಹ್ಲೋನಿಪಾ’ ಎಂಬ ಅಲ್ಲಿನ ಆಚರಣೆಯಲ್ಲಿ ಸೊಸೆ ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಉಚ್ಚಾರಕ್ಕೆ ಹತ್ತಿರವಾದ ದಿನಬಳಕೆಯ ಮಾತುಗಳನ್ನೂ ಬಿಟ್ಟು ಬದಲಿ ಮಾತು ಹುಡುಕಿಕೊಳ್ಳುತ್ತಾಳೆ.

ಬದುಕಿರುವಾಗ ನಾಲಗೆಗೆ ಬಾರದ ತಂದೆಯ ಹೆಸರು ಅವನು ಸತ್ತ ಮೇಲೆ ಬರಲೇಬೇಕಾಗುತ್ತದೆ. ಶ್ರಾದ್ಧದಲ್ಲಿಯೂ ತರ್ಪಣದಲ್ಲಿಯೂ ಮಗ ನಂಟು, ಹೆಸರು, ಗೋತ್ರ ಮೂರನ್ನೂ ಹೇಳಿ ನೀರು ಬಿಡುತ್ತಾನೆ; ತಂದೆ ವಸುರೂಪ, ಅಜ್ಜ ರುದ್ರರೂಪ, ಮುತ್ತಜ್ಜ ಆದಿತ್ಯರೂಪ. ಹೆಸರು ಇಲ್ಲಿ ವಿಳಾಸದ ಕೆಲಸ ಮಾಡುತ್ತದೆ. ಆದರೆ ಹೆಸರು ತಿಳಿಯದವನ ಗತಿ ಏನು? ಆಶ್ವಲಾಯನ ಶ್ರೌತಸೂತ್ರ ಅದಕ್ಕೂ ದಾರಿ ಕೊಡುತ್ತದೆ: ಅಪ್ಪ, ಅಜ್ಜ, ಮುತ್ತಜ್ಜ ಎಂಬ ನಂಟಿನ ಮಾತುಗಳನ್ನೇ ಹೇಳಿದರೆ ಸಾಕು. ಹೆಸರು ಮರೆತುಹೋಗಬಹುದು, ಮಗನಾಗಿರುವುದು ಮರೆತುಹೋಗುವಂಥದ್ದಲ್ಲ ಎಂಬ ಎಣಿಕೆ ಇದರ ಹಿಂದಿದೆ.

ಯಹೂದ್ಯರಲ್ಲಿ ಹೆಸರು ಹೇಳಬಾರದೆಂಬ ನಿಯಮ ಬರವಣಿಗೆಯ ಸಂಕ್ಷೇಪವಾಗಿಯೇ ಬೆಳೆಯಿತು. ದೇವರ ನಾಲ್ಕಕ್ಷರದ ಹೆಸರನ್ನು ಬರೆದರೂ ಓದುವುದಿಲ್ಲ. ಅದರ ಬದಲು ‘ಒಡೆಯ’ ಎಂಬ ಅರ್ಥದ ‘ಅದೋನಾಯ್’ ಎನ್ನುತ್ತಾರೆ, ಸಾಮಾನ್ಯ ಮಾತಿನಲ್ಲಿ ಬರಿದೇ ‘ಆ ಹೆಸರು’ ಎನ್ನುತ್ತಾರೆ. ತಾಲ್ಮೂದಿನ ಕಿದ್ದುಶಿನ್ ಎಂಬ ಭಾಗದಲ್ಲಿ ತಂದೆತಾಯಿಗಳಿಗೆ ಸಲ್ಲಬೇಕಾದ ಗೌರವದ ಚರ್ಚೆಯಿದೆ. ಪಾಠ ಹೇಳುವ ವಿದ್ವಾಂಸ ತನ್ನ ತಂದೆಯ ಮಾತನ್ನು ಉದ್ಧರಿಸುವಾಗ ಹೆಸರು ಹೇಳದೆ ‘ನನ್ನ ಅಪ್ಪ, ನನ್ನ ಒಡೆಯ’ ಎಂಬ ಅರ್ಥದ ಮಾತು ಬಳಸಬೇಕು. ತಂದೆ ತೀರಿಕೊಂಡ ಹನ್ನೆರಡು ತಿಂಗಳು ಅವರ ಪಾಪದ ಹೊರೆ ತನ್ನ ಮೇಲಿರಲಿ ಎಂಬರ್ಥದ ಮಾತು ಸೇರಿಸಬೇಕು, ಆಮೇಲೆ ಅವರ ನೆನಪು ಮಂಗಳವಾಗಲಿ ಎನ್ನಬೇಕು. ಮುಂದಿನ ಶತಮಾನಗಳ ಹೀಬ್ರೂ ಗ್ರಂಥಗಳಲ್ಲಿ ಇವೆಲ್ಲ ಮೊದಲಕ್ಷರಗಳಾಗಿ ಕುಗ್ಗಿದವು. ‘ನನ್ನ ಒಡೆಯ, ನನ್ನ ತಂದೆ, ನನ್ನ ಉಪಾಧ್ಯಾಯ, ನನ್ನ ಗುರು’ ಎಂಬುದೆಲ್ಲ ಕೆಲವೇ ಅಕ್ಷರಗಳ ಒಂದು ಪದ. ‘ನನ್ನ ಗುರುವೂ ಮಾವನೂ ಆದವರು’ ಎಂಬುದಕ್ಕೆ ಇನ್ನೂ ಚಿಕ್ಕದು. ತೀರಿದವರ ಹೆಸರಿನ ಮುಂದೆ ಎರಡೇ ಅಕ್ಷರ. ಜಾಗ ಉಳಿಸಲು ಹುಟ್ಟಿದ ಸಂಕ್ಷೇಪದೊಳಗೆ ಒಂದು ಇಡೀ ನಮಸ್ಕಾರ ಅಡಗಿದೆ. ಬರೆಯುವವನ ಕೈಗೆ ಬಿಡುವು ಸಿಕ್ಕಿತು, ಗೌರವ ಕುಂದಲಿಲ್ಲ.

ಚೀನಾದ ವಿವೇಕ ಇನ್ನೊಂದು ಬಗೆಯದು. ಅಲ್ಲಿನ ಶಿಷ್ಟ ಬರವಣಿಗೆಯಲ್ಲಿ ತಂದೆ ಎಂಬ ಅಕ್ಷರದ ಹಿಂದೆ ಮನೆ ಎಂಬ ಅಕ್ಷರ ಸೇರಿದರೆ ಅದು ಬರೆಯುವವನ ತಂದೆ. ತಮ್ಮತಂಗಿಯರಿಗೆ ಗುಡಿಸಲು ಎಂಬಂಥ ಇನ್ನೊಂದು ವಿನಯದ ಅಕ್ಷರ. ಎದುರಿನವರ ಬಂಧುಗಳಿಗೆ ಹಿರಿಮೆಯ ಅಕ್ಷರ ಬೇರೆ. ತೀರಿದವರಿಗೆ ‘ಹಿಂದಿನ’ ಎಂಬ ಅಕ್ಷರ. ಎರಡೇ ಅಕ್ಷರಗಳಲ್ಲಿ ಯಾರ ತಂದೆ, ಬದುಕಿದ್ದಾರೋ ಇಲ್ಲವೋ, ಹೇಳುವವನು ಬಾಗಿ ಹೇಳುತ್ತಿದ್ದಾನೋ ಎಲ್ಲವೂ ಬಂದುಬಿಡುತ್ತದೆ. ಹೆಸರನ್ನು ವರ್ಜಿಸುವ ಕಟ್ಟಳೆ ಅಲ್ಲಿ ವಿಪರೀತಕ್ಕೆ ಹೋದದ್ದಕ್ಕೆ ತಾಂಗ್ ಕಾಲದ ಕವಿ ಲಿ ಹ ಸಾಕ್ಷಿ. 790ರಲ್ಲಿ ಹುಟ್ಟಿ 816ರಲ್ಲಿ ತೀರಿಕೊಂಡ ಈತನ ತಂದೆಯ ಹೆಸರು ಜಿನ್‌ಸು. ಅಧಿಕಾರಿಯಾಗಲು ಪಾಸು ಮಾಡಬೇಕಾದ ಉನ್ನತ ಪರೀಕ್ಷೆಯ ಹೆಸರು ಜಿನ್‌ಶಿ. ಉಚ್ಚಾರ ಹತ್ತಿರವಾದ್ದರಿಂದ ಮಗ ಆ ಪರೀಕ್ಷೆಗೆ ಕೂತರೆ ತಂದೆಗೆ ಅಗೌರವ ಎಂದು ಎದುರಾಳಿಗಳು ಕೂಗೆಬ್ಬಿಸಿದರು. ಹಿರಿಯ ಲೇಖಕ ಹಾನ್ ಯು ಅವನ ಪರವಾಗಿ ಒಂದು ಪ್ರಬಂಧವನ್ನೇ ಬರೆದು, ತಂದೆಯ ಹೆಸರು ‘ರೆನ್’ ಆಗಿದ್ದರೆ ಮಗ ಮನುಷ್ಯನಾಗಿಯೇ ಇರಬಾರದೇನು ಎಂದು ಕೇಳಿದ. ಚೀನೀ ಭಾಷೆಯಲ್ಲಿ ಮನುಷ್ಯ ಎಂಬುದಕ್ಕೂ ಅದೇ ಉಚ್ಚಾರ. ವಾದ ಗಟ್ಟಿಯಾಗಿತ್ತು, ಉಪಯೋಗವಾಗಲಿಲ್ಲ. ಲಿ ಹ ಪರೀಕ್ಷೆಗೆ ಕೂರಲಿಲ್ಲ. ಗೌರವದ ನಿಯಮ ಅಸೂಯೆಯ ಕೈಗೆ ಸಿಕ್ಕಾಗ ಹೀಗಾಗುತ್ತದೆ.

ಈ ಕಟ್ಟಳೆಗಳನ್ನೆಲ್ಲ ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಎಲ್ಲವನ್ನೂ ಗೌರವದ ಲೆಕ್ಕಕ್ಕೆ ಜಮಾ ಮಾಡುವುದು ಇನ್ನೂ ಸುಲಭ. ಎರಡೂ ಸರಿಯಲ್ಲ. ಗುರುವಿನ ಹೆಸರು ಹೇಳದ ಶಿಷ್ಯನಿಗೆ ತನ್ನ ಹೆಸರು ಉಳಿದಿರುತ್ತದೆ; ನಮಸ್ಕರಿಸುವಾಗ ತಾನು ಇಂಥವನೆಂದು ಹೆಸರು ಹೇಳಿಕೊಳ್ಳಬೇಕೆಂದು ಮನುವೇ ವಿಧಿಸುತ್ತಾನೆ. ಪ್ರವರ ಹೇಳುವ ವಟು ಋಷಿಗಳಿಂದ ತನ್ನವರೆಗೆ ಬಂದು ತನ್ನ ಹೆಸರಿನಲ್ಲಿ ನಿಲ್ಲಿಸುತ್ತಾನೆ. ಆ ಬಾಗುವಿಕೆಯಲ್ಲಿ ಬಾಗುವವನೂ ಕಾಣುತ್ತಾನೆ. ಗಂಡನ ಹೆಸರು ಹೇಳದ ಹೆಂಡತಿಯ ಹೆಸರನ್ನು ಊರು ಎಷ್ಟೋ ಸಲ ಮರೆತೇಬಿಡುತ್ತಿತ್ತು. ಅವಳು ಇಂಥವರ ಸೊಸೆ, ಇಂಥವರ ಹೆಂಡತಿ, ಕೊನೆಗೆ ಇಂಥವನ ತಾಯಿ. ‘ಕೋಂ’ ಎಂಬ ಗುರುತು ಅವಳ ಹೆಸರನ್ನು ದಾಖಲೆಯಲ್ಲಿ ಉಳಿಸಿತು ನಿಜ, ಆದರೆ ಗಂಡನ ಹೆಸರಿಗೆ ಗಂಟು ಹಾಕಿಯೇ ಉಳಿಸಿತು. ನಂಟಿನಿಂದ ಹೇಳುವುದು ಗೌರವವೋ ಅಳಿಸುವಿಕೆಯೋ ಎಂಬುದು ಗುರುತಿನಲ್ಲಿ ಇಲ್ಲ. ಅದು ಎರಡೂ ಕಡೆ ಸಲ್ಲುತ್ತದೆಯೋ ಒಂದೇ ಕಡೆಗೋ ಎಂಬುದರಲ್ಲಿದೆ. ಮಕ್ಕಳ ಹೆಸರಿನಿಂದ ದೊಡ್ಡವರನ್ನು ಕರೆಯುವ ರೂಢಿಯಲ್ಲಿ ಈ ಸಮತೆ ಕೊಂಚ ಹೆಚ್ಚು. ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1889ರಲ್ಲಿ ಈ ರೂಢಿಗೊಂದು ಪಾರಿಭಾಷಿಕ ಹೆಸರು ಕೊಟ್ಟ. ಅರಬರಲ್ಲಿ ‘ಅಬು’ ಎಂದರೆ ಇಂಥವನ ಅಪ್ಪ, ‘ಉಮ್ಮ್’ ಎಂದರೆ ಇಂಥವನ ಅಮ್ಮ. ಗಂಡಹೆಂಡಿರಿಬ್ಬರಿಗೂ ಅದೇ ಅಳತೆ.

ನಂಟಿನ ಮಾತು ಹೇಗೆ ಒಬ್ಬ ವ್ಯಕ್ತಿಯನ್ನು ತೋರಿಸುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ. ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ ವ್ಯಕ್ತಿನಾಮಕ್ಕೆ ಗುಣಾರ್ಥವಿಲ್ಲ, ಅದು ಬೊಟ್ಟು ಮಾಡಿ ತೋರಿಸುತ್ತದೆ ಅಷ್ಟೇ ಎಂದ. ಶಾಂತಾ ಎಂಬ ಹೆಸರಿನವಳು ಜಗಳಗಂಟಿಯಾದರೂ ಹೆಸರು ಸುಳ್ಳಾಗುವುದಿಲ್ಲ. ತಂದೆ, ಮಗ ಎಂಬ ಮಾತುಗಳು ಹಾಗಲ್ಲ. ಅವು ಜೋಡಿಯಾಗಿ ಬರುತ್ತವೆ, ಒಂದೇ ಸಂಗತಿಯನ್ನು ಎರಡು ತುದಿಗಳಿಂದ ಹೇಳುತ್ತವೆ ಎಂಬುದೂ ಮಿಲ್‌ನ ಮಾತೇ. ನವ್ಯನ್ಯಾಯದವರು ಇದನ್ನೇ ಇನ್ನೂ ಬಿಗಿಯಾಗಿ ಹೇಳುತ್ತಾರೆ. ಪಿತೃತ್ವ ಇರುವುದು ತಂದೆಯಲ್ಲಿ, ಆದರೆ ಅದು ಪುತ್ರನಿಂದ ನಿರೂಪಿತವಾದದ್ದು. ಯಾರ ತಂದೆ ಎಂದು ಹೇಳದೆ ತಂದೆತನದ ವಿವರ ಮುಗಿಯುವುದಿಲ್ಲ. ಹಾಗಿದ್ದ ಮೇಲೆ ‘ನಮ್ಮನೆಯವರು’ ಎಂಬ ಮಾತಾಗಲಿ ‘ಡಿ.ಎಚ್.’ ಎಂಬ ಗುರುತಾಗಲಿ ಗಂಡನನ್ನು ಎಷ್ಟು ಹೇಳುತ್ತದೋ ಹೇಳುವವಳನ್ನೂ ಅಷ್ಟೇ ಹೇಳುತ್ತದೆ. ಹೇಳುವವರು ಬದಲಾದರೆ ಗಂಡನೂ ಬದಲಾಗುತ್ತಾನೆ. ಹೆಸರನ್ನು ಯಾರು ಬೇಕಾದರೂ ಹೇಳಬಹುದು. ನಂಟಿನ ಮಾತನ್ನು ಆ ನಂಟಿನೊಳಗೆ ನಿಂತವರು ಮಾತ್ರ ಹೇಳಲು ಸಾಧ್ಯ.

ನಂಟಿನೊಳಗೆ ನಿಲ್ಲುವುದು ಎಂದರೆ ಹೊಣೆ ಹೊರುವುದು ಎಂಬುದು ಕನ್‌ಫ್ಯೂಷಿಯಸ್‌ನ ನಿಲುವು. ಒಳ್ಳೆಯ ಆಡಳಿತ ಎಂದರೇನೆಂದು ಚೀ ರಾಜ್ಯದ ದೊರೆ ಕೇಳಿದಾಗ ಅವನು ಕೊಟ್ಟ ಉತ್ತರದ ತಾತ್ಪರ್ಯ ಇದು: ದೊರೆ ದೊರೆಯಂತಿರಬೇಕು, ತಂದೆ ತಂದೆಯಂತಿರಬೇಕು, ಮಗ ಮಗನಂತಿರಬೇಕು. ತಂದೆ ಎಂಬುದು ಅವನಿಗೆ ವರ್ಣನೆಯಲ್ಲ, ಬೇಡಿಕೆ. ಇದಕ್ಕೆ ನೇರ ವಿರುದ್ಧವಾದ ನಿಲುವನ್ನು ವಿಲಿಯಂ ಗಾಡ್ವಿನ್ 1793ರಲ್ಲಿ ಮಂಡಿಸಿದ. ಅರಮನೆಗೆ ಬೆಂಕಿ ಬಿದ್ದಿದೆ. ಒಳಗೆ ಲೋಕೋಪಕಾರಿ ಗ್ರಂಥಕರ್ತ, ಆರ್ಚ್‌ಬಿಷಪ್ ಫೆನೆಲಾನ್ ಇದ್ದಾನೆ, ಅವನ ಕೆಲಸದ ಹೆಂಗಸೂ ಇದ್ದಾಳೆ. ಉಳಿಸಲು ಸಾಧ್ಯವಿರುವುದು ಒಬ್ಬರನ್ನೇ. ಲೋಕಕ್ಕೆ ಹೆಚ್ಚು ಬೇಕಾದವನು ಫೆನೆಲಾನ್. ಆ ಹೆಂಗಸು ಉಳಿಸುವವನ ಹೆಂಡತಿಯೋ ತಾಯಿಯೋ ಆಗಿದ್ದರೆ? ಆಗಲೂ ಫೆನೆಲಾನನನ್ನೇ ಉಳಿಸಬೇಕು. ‘ನನ್ನ’ ಎಂಬ ಸರ್ವನಾಮದಲ್ಲಿ ಸತ್ಯವನ್ನು ಬುಡಮೇಲು ಮಾಡುವ ಯಾವ ಮಾಯೆಯಿದೆ ಎಂದು ಗಾಡ್ವಿನ್ ಕೇಳಿದ. ಆಗಿನ ಓದುಗರು ಕೆರಳಿದರು. ಮುಂದಿನ ಆವೃತ್ತಿಗಳಲ್ಲಿ ಕೆಲಸದ ಹೆಂಗಸು ಹೋಗಿ ಕೆಲಸದ ಆಳು ಬಂದ, ತಾಯಿಯ ಜಾಗಕ್ಕೆ ತಂದೆ ಬಂದ. ವಾದ ಹಾಗೆಯೇ ಉಳಿಯಿತು.

ಇಪ್ಪತ್ತನೆಯ ಶತಮಾನದಲ್ಲಿ ಬರ್ನಾರ್ಡ್ ವಿಲಿಯಮ್ಸ್ ಈ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡ. ಅಪಾಯಕ್ಕೆ ಸಿಕ್ಕ ಇಬ್ಬರಲ್ಲಿ ಒಬ್ಬಳು ತನ್ನ ಹೆಂಡತಿಯಾದಾಗ, ಇವಳು ನನ್ನ ಹೆಂಡತಿ, ಇಂಥ ಸಂದರ್ಭದಲ್ಲಿ ಹೆಂಡತಿಯನ್ನು ಉಳಿಸುವುದು ನ್ಯಾಯಸಮ್ಮತ ಎಂದು ಲೆಕ್ಕ ಹಾಕಿ ಧುಮುಕುವವನು ಬೇಕಾದದ್ದಕ್ಕಿಂತ ಒಂದು ಯೋಚನೆ ಹೆಚ್ಚಿಗೆ ಮಾಡಿದ್ದಾನೆ ಎಂಬುದು ಅವನ ಆಕ್ಷೇಪ. ಗಾಡ್ವಿನ್‌ಗಿಂತ ಇದು ಬದುಕಿಗೆ ಹತ್ತಿರ. ವಿಲಿಯಮ್ಸ್‌ನ ಉದಾಹರಣೆಯಲ್ಲಿಯೂ ಗಂಡನನ್ನು ಧುಮುಕಿಸಿದ್ದು ಹೆಂಡತಿಯ ಹೆಸರಲ್ಲ, ‘ನನ್ನ ಹೆಂಡತಿ’ ಎಂಬ ಅರಿವು. ಕನ್ನಡದಲ್ಲಿ ಆ ಸರ್ವನಾಮ ಬಹುಮಟ್ಟಿಗೆ ‘ನಮ್ಮ’ ಎಂದೇ ಬರುತ್ತದೆ. ಒಂಟಿ ಮಗ ಕೂಡ ‘ನಮ್ಮಪ್ಪ’ ಎನ್ನುತ್ತಾನೆ, ‘ನಮ್ಮಮ್ಮ’ ಎನ್ನುತ್ತಾನೆ. ಗಾಡ್ವಿನ್ ಆಡಿಕೊಂಡ ಸ್ವಾರ್ಥವನ್ನು ಆ ಬಹುವಚನದಲ್ಲಿ ಹುಡುಕುವುದು ಕಷ್ಟ.

ಇನ್ನು ಆ ‘ಪ್ರೀತಿಯ’ ಎಂಬ ಅಕ್ಷರ. ಗಂಡ, ಹೆಂಡತಿ, ಮಕ್ಕಳು ಏಕೆ ಪ್ರಿಯರು ಎಂಬುದು ಬೃಹದಾರಣ್ಯಕ ಉಪನಿಷತ್ತಿನ ಯಾಜ್ಞವಲ್ಕ್ಯ ಮೈತ್ರೇಯಿ ಸಂವಾದದ ನಡುಗಂಬ. ಮನೆ ಬಿಟ್ಟು ಹೊರಡುವ ಮುನ್ನ ಆಸ್ತಿಯನ್ನು ಇಬ್ಬರು ಹೆಂಡಿರಿಗೆ ಹಂಚಲು ಬಂದ ಯಾಜ್ಞವಲ್ಕ್ಯನಿಗೆ, ಅಮೃತತ್ವ ಕೊಡದ ಸಂಪತ್ತು ತನಗೇಕೆ ಎಂದು ಮೈತ್ರೇಯಿ ಕೇಳುತ್ತಾಳೆ. ಆಗ ಅವನು ಗಂಡನಿಂದ ಹಿಡಿದು ಹೆಂಡತಿ, ಮಕ್ಕಳು, ಸಂಪತ್ತು, ಲೋಕಗಳು, ದೇವತೆಗಳವರೆಗೆ ಒಂದೊಂದನ್ನೇ ಎತ್ತಿಕೊಂಡು, ಅವು ಪ್ರಿಯವಾಗುವುದು ಅವುಗಳ ಸಲುವಾಗಿ ಅಲ್ಲ, ಆತ್ಮದ ಸಲುವಾಗಿ ಎನ್ನುತ್ತಾನೆ. ಬಂಧುಗಳ ಪಟ್ಟಿಯೊಂದನ್ನು ಮುಂದಿಟ್ಟು ಪ್ರೀತಿಯ ಬುಡವನ್ನು ಕೆದಕುವ ಈ ಮಾತನ್ನು ಕೇಳುತ್ತಿರುವವಳು ಇನ್ನೇನು ಗಂಡನನ್ನು ಕಳೆದುಕೊಳ್ಳಲಿರುವ ಹೆಂಡತಿ ಎಂಬುದನ್ನು ವ್ಯಾಖ್ಯಾನಕಾರರು ಹೆಚ್ಚು ಗಮನಿಸಿದಂತಿಲ್ಲ.

ಅವರು ಗಮನಿಸಿದ್ದು ಆತ್ಮ ಎಂದರೆ ಯಾರು ಎಂಬುದನ್ನು. ಶಂಕರರ ಪ್ರಕಾರ ಇಲ್ಲಿನ ಗುರಿ ವೈರಾಗ್ಯ; ಗಂಡಹೆಂಡತಿ ಮಕ್ಕಳ ಮೇಲಿನ ಪ್ರೀತಿ ಗೌಣ, ಆತ್ಮದ ಮೇಲಿನದೇ ಮುಖ್ಯ, ಇದು ತಿಳಿದವನು ಮೊದಲಿನದನ್ನು ಬಿಡಲು ಸಿದ್ಧನಾಗುತ್ತಾನೆ. ಶ್ರೀಭಾಷ್ಯದಲ್ಲಿ ರಾಮಾನುಜರು ಈ ಓದನ್ನು ಒಪ್ಪುವುದಿಲ್ಲ. ಇವಳಿಗೆ ನಾನು ಪ್ರಿಯನಾಗಲಿ ಎಂದು ಗಂಡ ಸಂಕಲ್ಪಿಸಿದ ಮಾತ್ರಕ್ಕೆ ಅವನು ಪ್ರಿಯನಾಗುವುದಿಲ್ಲ. ಪರಮಾತ್ಮನ ಸಂಕಲ್ಪದಿಂದ ಆಗುತ್ತಾನೆ ಎಂಬುದು ಅವರ ಅರ್ಥ. ಒಂದರಲ್ಲಿ ಒಲವು ದಾಟಬೇಕಾದ ಮೆಟ್ಟಿಲು, ಇನ್ನೊಂದರಲ್ಲಿ ಮೇಲಿನಿಂದ ಬಂದ ವರ. ಹಾಗಾದರೆ ಬರೆಯುವ ಕೈಗೆ ಅಭ್ಯಾಸವಾಗಿಬಿಟ್ಟ ‘ಪ್ರೀತಿಯ’ ಯಾವ ಲೆಕ್ಕಕ್ಕೆ ಸೇರುತ್ತದೆ? ಗಂಡ ಪಾತ್ರೆ ತೊಳೆಯಲಿಲ್ಲ, ಮಾತು ಬಿಟ್ಟಿದ್ದಾನೆ, ಸಾಲ ಮಾಡಿದ್ದಾನೆ ಎಂದು ದೂರುವ ಸಾಲಿನಲ್ಲೂ ಅವನು ‘ಪ್ರೀತಿಯ’ ಗಂಡನೇ. ಎಷ್ಟೋ ಸಲ ಅದು ವ್ಯಂಗ್ಯ, ಇನ್ನೂ ಹೆಚ್ಚು ಸಲ ಏನೂ ಅಲ್ಲ. ಲಗ್ನಪತ್ರಿಕೆಯ ‘ಚಿ॥’ ಓದುವವರಿಗೆ ಚಿರಂಜೀವಿತ್ವದ ನೆನಪೂ ಬರುವುದಿಲ್ಲವಲ್ಲ. ಆದರೂ ಯಾರೂ ಅದನ್ನು ಬಿಡುವುದಿಲ್ಲ. ಅರ್ಥ ಸವೆದ ಮೇಲೂ ಮಾತು ಉಳಿಯುವುದು ಮಂತ್ರಗಳ ಸ್ವಭಾವ, ಈ ಗುರುತುಗಳೂ ಆ ಜಾತಿಗೆ ಸೇರಿದವು.

ದೂರಿನ ಮಾತು ಬಂದಾಗ ಇಡೀ ಚರ್ಚೆಯ ಅತ್ಯಂತ ವ್ಯಾವಹಾರಿಕವಾದ ಪ್ರಶ್ನೆ ಎದುರಾಗುತ್ತದೆ. ಎದುರಿಗಿಲ್ಲದ ಬಂಧುವಿನ ಕುಂದನ್ನು ಹೇಳುವಾಗ ಹೆಸರು ಬಿಟ್ಟು ನಂಟನ್ನಷ್ಟೇ ಹೇಳಿದರೆ ಅದು ಪರನಿಂದೆಯೇ? ಇಸ್ಲಾಮಿನ ವಿದ್ವಾಂಸರು ಇದನ್ನು ವಿವರವಾಗಿ ವಿಚಾರಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳೆರಡರಲ್ಲೂ ಇರುವ ಉಮ್ಮ್ ಜರ್ ಹದೀಸಿನಲ್ಲಿ ಹನ್ನೊಂದು ಹೆಂಗಸರು ಒಂದೆಡೆ ಕೂತು, ಗಂಡಂದಿರ ವಿಷಯದಲ್ಲಿ ಏನನ್ನೂ ಮುಚ್ಚಿಡಬಾರದೆಂದು ಮಾತು ಕೊಟ್ಟುಕೊಳ್ಳುತ್ತಾರೆ. ಒಬ್ಬೊಬ್ಬಳೂ ‘ನನ್ನ ಗಂಡ’ ಎಂದೇ ಶುರುಮಾಡುತ್ತಾಳೆ. ಒಬ್ಬಳ ಗಂಡ ಬೆಟ್ಟದ ತುದಿಯಲ್ಲಿಟ್ಟ ಬಡಕಲು ಒಂಟೆಯ ಮಾಂಸದಂಥವನು. ಇನ್ನೊಬ್ಬಳು ಬಾಯಿ ಬಿಟ್ಟರೆ ತಲಾಕ್, ಬಿಡದಿದ್ದರೆ ನಡುವೆ ನೇತಾಡುವ ಬಾಳು. ಕೆಲವರು ಹೊಗಳುವವರೂ ಇದ್ದಾರೆ. ಕೊನೆಯವಳಾದ ಉಮ್ಮ್ ಜರ್ ತನ್ನನ್ನು ಬಿಟ್ಟ ಗಂಡ ಅಬು ಜರ್‌ನ ಔದಾರ್ಯವನ್ನೇ ಉದ್ದಕ್ಕೂ ಕೊಂಡಾಡುತ್ತಾಳೆ. ಈ ಕಥೆಯನ್ನು ಹೇಳಿದವರು ಪ್ರವಾದಿಯವರ ಪತ್ನಿ ಆಯಿಷಾ. ಉಮ್ಮ್ ಜರ್‌ಗೆ ಅಬು ಜರ್ ಇದ್ದಂತೆ ನಿನಗೆ ನಾನು ಎಂಬುದು ಪ್ರವಾದಿಯವರ ಪ್ರತಿಕ್ರಿಯೆ.

ಇದು ನಿಂದೆಯಲ್ಲವೇ ಎಂಬ ಅನುಮಾನ ವ್ಯಾಖ್ಯಾನಕಾರರಿಗೆ ಬರದೆ ಇರಲಿಲ್ಲ. ಆ ಗಂಡಂದಿರು ಯಾರೆಂದು ಕೇಳುವವರಿಗೆ ಗೊತ್ತಿಲ್ಲ, ಗೊತ್ತಿಲ್ಲದವರ ಮಾತು ನಿಂದೆಯಾಗದು ಎಂಬುದು ಅವರಲ್ಲಿ ಕೆಲವರು ಕೊಟ್ಟ ಸಮಾಧಾನ. 1277ರಲ್ಲಿ ತೀರಿಕೊಂಡ ನವವಿ ಎಂಬ ವಿದ್ವಾಂಸ ಯಾವ ಯಾವ ಸಂದರ್ಭದಲ್ಲಿ ಇನ್ನೊಬ್ಬರ ಕುಂದನ್ನು ಹೇಳಬಹುದು ಎಂದು ಆರು ಬಗೆ ಹೇಳಿದ್ದಾನೆ. ಅನ್ಯಾಯದ ವಿರುದ್ಧ ದೂರು ಕೊಡುವುದು ಒಂದು, ಧರ್ಮಶಾಸ್ತ್ರಜ್ಞನ ಸಲಹೆ ಕೇಳುವುದು ಇನ್ನೊಂದು. ಸಲಹೆ ಕೇಳುವಾಗ ಗಂಡನೊಬ್ಬ ಹೀಗೆ ಮಾಡಿದರೆ ಏನೆನ್ನುತ್ತೀರಿ ಎಂದು ಹೆಸರಿಲ್ಲದೆ ಕೇಳುವುದು ಮೇಲು. ಹೆಸರು ಹೇಳಿದರೂ ತಪ್ಪಿಲ್ಲ. ಅದಕ್ಕೆ ಆಧಾರ ಹಿಂದ್ ಎಂಬವಳ ಪ್ರಸಂಗ. ಗಂಡ ಅಬು ಸುಫಿಯಾನ್ ಜಿಪುಣ, ತನಗೂ ಮಕ್ಕಳಿಗೂ ಸಾಕಾಗುವಷ್ಟು ಕೊಡುವುದಿಲ್ಲ ಎಂದು ಅವಳು ಹೆಸರು ಹಿಡಿದೇ ಪ್ರವಾದಿಯವರ ಬಳಿ ಹೇಳಿದಳು. ಅವರು ಅವಳನ್ನು ತಡೆಯದೆ, ನ್ಯಾಯವಾಗಿ ಬೇಕಾದಷ್ಟು ತೆಗೆದುಕೋ ಎಂದರು. ಸುಭಾಷಿತಕಾರ ಹೆಸರೆತ್ತಬಾರದೆಂದ ಜಿಪುಣ ಇಲ್ಲಿ ಹೆಂಡತಿಯ ಬಾಯಲ್ಲೇ ಸಿಕ್ಕಿಬಿದ್ದಿದ್ದಾನೆ.

ಯಹೂದ್ಯ ಧರ್ಮದಲ್ಲಿ ಈ ವಿಷಯದ ಮುಖ್ಯ ಗ್ರಂಥ ‘ಹಫೇಟ್ಸ್ ಹಯಿಮ್’. ಇಸ್ರೇಲ್ ಮೇಯಿರ್ ಕಗಾನ್ 1873ರಲ್ಲಿ ಪ್ರಕಟಿಸಿದ ಈ ಪುಸ್ತಕದ ಅಳತೆಗೋಲು ಇನ್ನೂ ಬಿಗಿಯಾದದ್ದು. ಹೆಸರು ಹೇಳದಿದ್ದರೂ ಮಾತಿನ ವಿವರದಿಂದ ಯಾರೆಂದು ಕೇಳುವವರಿಗೆ ಹೊಳೆಯುವುದಾದರೆ ಅದು ನಿಂದೆಯೇ. ಗಂಡಹೆಂಡಿರ ನಡುವಿನ ಗುಟ್ಟಿನ ಮಾತಿಗೂ ಅವನು ರಿಯಾಯಿತಿ ಕೊಡುವುದಿಲ್ಲ. ನವವಿ ಹೇಳುವವಳ ಅಗತ್ಯವನ್ನು ನೋಡಿದ, ಕಗಾನ್ ಕೇಳುವವನ ತಿಳಿವನ್ನು ನೋಡಿದ. ಎರಡನ್ನೂ ಜೊತೆಗಿಟ್ಟುಕೊಂಡರೆ ಮಾತ್ರ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕನ್ನಡದ ಬೀಸುವ ಕಲ್ಲಿನ ಪದಗಳು ಮೊದಲ ಅಳತೆಯಲ್ಲೂ ಎರಡನೆಯದರಲ್ಲೂ ಪಾಸಾಗುತ್ತವೆ. ಹಲಸಂಗಿ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ತೆರೆದರೆ ಅತ್ತೆ, ನಾದಿನಿ, ಅಣ್ಣ, ತವರಿನ ತಾಯಿ ಮತ್ತೆ ಮತ್ತೆ ಬರುತ್ತಾರೆ. ಸೊಸೆಗೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲ, ಅಗತ್ಯ ಅಲ್ಲಿದೆ. ಪದ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ದಾಟಿದ್ದರಿಂದ ಅದರೊಳಗಿನ ಅತ್ತೆ ಯಾರ ಮನೆಯ ಅತ್ತೆಯೂ ಅಲ್ಲ. ಕಟ್ಟಿದವಳ ಸಂಕಟ ಹಾಡುವವಳದಾಗುತ್ತದೆ, ಬೈಸಿಕೊಂಡವಳ ಹೆಸರು ಕೆಡುವುದಿಲ್ಲ. ಆ ಪದ ಹಾಡಿದ ಸೊಸೆ ಮುಂದೆ ತಾನೇ ಅತ್ತೆಯಾಗಿ, ತನ್ನ ಸೊಸೆ ಅದನ್ನೇ ಹಾಡುವುದನ್ನು ಕೇಳಿಸಿಕೊಳ್ಳಬಹುದಾಗಿತ್ತು.

ಬರವಣಿಗೆಯಲ್ಲಿ ದಿನವೂ ಮುಂದುವರಿಯುವ ಮನೆವಾರ್ತೆಗೆ ಈ ಸೌಲಭ್ಯ ಇಲ್ಲ. ‘ಎಂ.ಐ.ಎಲ್.’ ಎಂಬ ಗುರುತು ಒಂದು ಸಲ ಬಂದಾಗ ಅದು ಯಾವುದೋ ಒಬ್ಬ ಅತ್ತೆ. ಅದೇ ಕೈ ಅದೇ ಅತ್ತೆಯ ಬಗ್ಗೆ ಹತ್ತು ಸಲ ಬರೆದು, ಊರು, ಕಾಯಿಲೆ, ಮಗನ ಕೆಲಸ, ಮಗಳ ಮದುವೆ ಎಲ್ಲವೂ ಒಂದೊಂದಾಗಿ ಸೇರಿಕೊಂಡಾಗ, ಆ ಮೂರಕ್ಷರ ಒಬ್ಬಳೇ ಹೆಂಗಸಿನ ಹೆಸರಾಗಿಬಿಡುತ್ತದೆ. ಬಂಧುಬಳಗ ಒತ್ತೊತ್ತಾಗಿರುವ ಕಡೆ ಇಷ್ಟೂ ಬೇಕಾಗುವುದಿಲ್ಲ. ಎರಡು ವಿವರ ಸಾಕು. ಮಕ್ಕಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಗಂಡನಾಗಲಿ ಅತ್ತೆಯಾಗಲಿ ತಮ್ಮ ಪರವಾಗಿ ಮಾತಾಡಬಲ್ಲವರು. ಹಾಸಿಗೆ ಒದ್ದೆ ಮಾಡಿದ್ದು, ಶಾಲೆಯಲ್ಲಿ ಅತ್ತದ್ದು ಎಲ್ಲ ಬರಹಕ್ಕೆ ಸೇರಿದ ಮಗುವಿಗೆ ಆ ವಯಸ್ಸಿನಲ್ಲಿ ಒಪ್ಪಿಗೆ ಕೊಡುವ ಶಕ್ತಿಯೂ ಇಲ್ಲ, ತಡೆಯುವ ಶಕ್ತಿಯೂ ಇಲ್ಲ. ಓದಲು ಕಲಿತ ಮೇಲೆ ತಾಯಿಯ ಬರಹದ ‘ಡಿ.ಡಿ.’ ತಾನೇ ಎಂದು ಗುರುತಿಸಲು ಅದಕ್ಕೆ ಬೇರೆ ಸಾಕ್ಷಿ ಬೇಕಾಗದು. ಕಗಾನ್‌ನ ಅಳತೆಗೋಲು ಕೇಳುವವರಲ್ಲಿ ಯಾರಿಗೆ ಗುರುತು ಸಿಗುತ್ತದೆ ಎಂದು ಕೇಳುತ್ತದೆ. ಆ ಕೇಳುವವರ ಸಾಲಿನಲ್ಲಿ ಮಾತಿಗೆ ವಸ್ತುವಾದವರನ್ನೂ ಕೂರಿಸಬೇಕಾಗುತ್ತದೆ. ನವವಿಯ ಅಳತೆಗೋಲಿನಲ್ಲಿ ಸಲಹೆ ಬೇಡುವ ತಾಯಿಗೆ ಅವಕಾಶವಿದೆ. ಬೇಸರ ಕಳೆಯಲು ಹೇಳುವ ಕಥೆಗೆ ಅವನ ಆರು ಬಗೆಗಳಲ್ಲಿ ಯಾವುದೂ ಹೊಂದುವುದಿಲ್ಲ.